ಆಮೆನ್ ಆದ ಮೇಲಿನ ಪಟ್ಟಿ

ಪ್ರಾರ್ಥನೆ ಮುಗಿದು ಎಲ್ಲರೂ ಆಮೆನ್ ಎಂದು ಎದ್ದ ಮೇಲೂ ನಾನು ಮಂಡಿಯೂರಿಕೊಂಡೇ ಇರುತ್ತೇನೆ. ಚರ್ಚಿನಲ್ಲಿ ನನ್ನ ಹಿಂದಿನ ಸಾಲಿನವರಿಗೆ ಇದು ರೂಢಿಯಾಗಿ ಹೋಗಿದೆ. ಹೊಸಬರು ಮಾತ್ರ ಮೊಣಕೈ ಹಿಡಿದು ಎಬ್ಬಿಸಲು ಬರುತ್ತಾರೆ. ಪಾಪ, ಮುದುಕಿಗೆ ಮಂಡಿ ಹಿಡಿದುಕೊಂಡಿದೆ ಎಂದು ಅವರ ಎಣಿಕೆ. ಇನ್ನು ಕೆಲವರು ನನ್ನನ್ನು ಭಾರೀ ಭಕ್ತೆ ಎಂದು ತಿಳಿದಿದ್ದಾರೆ. ಮೊದಲನೆಯವರ ತಪ್ಪನ್ನು ಆಗಾಗ ತಿದ್ದುತ್ತೇನೆ, ಎರಡನೆಯವರ ತಂಟೆಗೆ ಹೋಗುವುದಿಲ್ಲ. ಈ ವಯಸ್ಸಿನಲ್ಲಿ ಪುಕ್ಕಟೆ ಸಿಗುವ ಮರ್ಯಾದೆಯನ್ನು ಯಾಕೆ ಬೇಡ ಎನ್ನಬೇಕು? ನಿಜ ಸಂಗತಿಯನ್ನು ನಿಮ್ಮ ಹತ್ತಿರ ಹೇಳುತ್ತೇನೆ. ಇದಕ್ಕೆ ಭಕ್ತಿಯೂ ಕಾರಣವಲ್ಲ, ಮಂಡಿಯೂ ಕಾರಣವಲ್ಲ. ನಾನು ಹುಟ್ಟಿ ಬೆಳೆದ ಬ್ಲಫ್ ಎಂಬ ಊರಿನ ಪವರ್ ಹೌಸಿನಲ್ಲಿದ್ದ ನಾಲ್ಕನೇ ನಂಬರ್ ಮಷೀನಿನ ಬೇರಿಂಗು ಕಾರಣ.

ನಮ್ಮಪ್ಪ ಚೌರಪ್ಪ ಆ ಪವರ್ ಹೌಸಿನಲ್ಲಿ ಫಿಟ್ಟರು. ಯುದ್ಧ ನಡೆಯುತ್ತಿದ್ದ ಕಾಲ. ಗುಡ್ಡದ ಮೇಲೆ ನಮ್ಮ ಲೈನ್ ಮನೆಗಳಿದ್ದವು, ಕೆಳಗೆ ಹೊಳೆಯ ಪಕ್ಕದಲ್ಲಿ ಪವರ್ ಹೌಸು. ಮೇಲಿನಿಂದ ಕೆಳಕ್ಕೆ ದಪ್ಪ ದಪ್ಪ ಪೈಪುಗಳಲ್ಲಿ ನೀರು ಧುಮುಕುತ್ತಿತ್ತು. ಮನುಷ್ಯರು ತಂತಿಹಗ್ಗದ ಟ್ರಾಲಿಯಲ್ಲಿ ಕೂತು ಇಳಿಯುತ್ತಿದ್ದರು. ಸುತ್ತಮುತ್ತಲ ಹಳ್ಳಿಗಳಲ್ಲಿ ಸೀಮೆಎಣ್ಣೆಗೆ ಪರದಾಡುವಾಗ ನಮ್ಮ ಮನೆಗಳಲ್ಲಿ ಗುಂಡಿ ಒತ್ತಿದರೆ ಬೆಳಕು. ಮಳವಳ್ಳಿಯಿಂದ ಬಂದ ನೆಂಟರ ಮಕ್ಕಳ ಮುಂದೆ ನಾನು ಆ ಗುಂಡಿಯನ್ನು ಹತ್ತು ಸಲ ಒತ್ತಿ ತೋರಿಸುತ್ತಿದ್ದೆ. ಕರೆಂಟನ್ನು ನಮ್ಮಪ್ಪನೇ ಕೈಯಾರೆ ಮಾಡಿ, ತಂತಿಯೊಳಗೆ ತುಂಬಿ ಕಳಿಸುತ್ತಾರೆ ಎಂದು ಹೇಳಿದ್ದೆ. ಅವರು ನಂಬಿದ್ದರು. ನಾನೂ ನಂಬಿದ್ದೆ.

ಅಪ್ಪನಿಗೆ ಗೇಜಿನ ಮುಳ್ಳು ಓದಲು ಬರುತ್ತಿತ್ತು, ಅಕ್ಷರ ಓದಲು ಬರುತ್ತಿರಲಿಲ್ಲ. ಜಪಗಳನ್ನೆಲ್ಲ ತಮ್ಮ ಅಪ್ಪನ ಬಾಯಿಂದ ಕೇಳಿ ಕಲಿತವರು. ಆಗ ಬ್ಲಫಿನಲ್ಲಿ ನಾವು ಕ್ರೈಸ್ತರು ನಾಲ್ಕೈದು ಮನೆಯವರಿದ್ದೆವು. ನಮಗೊಂದು ಗುಡಿ ಇರಲಿಲ್ಲ. ಪಾದ್ರಿ ಸ್ವಾಮಿಗಳು ತಿಂಗಳಿಗೊಮ್ಮೆ ಮಳವಳ್ಳಿಯ ತನಕ ಬಸ್ಸಿನಲ್ಲಿ, ಅಲ್ಲಿಂದ ಸೈಕಲ್ಲಿನಲ್ಲಿ ಬಂದು, ಸ್ಟೋರಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ಇಪ್ಪತ್ತೊಂಬತ್ತು ದಿನ ಮಕ್ಕಳ ಗತಿಯೇನು ಎಂಬ ಚಿಂತೆ ಅಪ್ಪನಿಗೆ. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ಕಾನೂನು. ಸಂಜೆ ಐದಕ್ಕೆ ಪವರ್ ಹೌಸಿನ ಸೈರನ್ ಕೂಗಿ, ಅಪ್ಪ ಟ್ರಾಲಿ ಹತ್ತಿ ಮೇಲೆ ಬಂದು, ಕೈಕಾಲು ತೊಳೆದ ಮೇಲೆ, ಎಲ್ಲರೂ ಚಾಪೆಯ ಮೇಲೆ ಮಂಡಿಯೂರಬೇಕು. ಜ್ವರ ಬಂದವರು ಮಲಗಿಕೊಂಡೇ ಸೇರಬೇಕು. ಒಂದು ದಿನ ಬಿಟ್ಟರೆ ಏನಾಗುತ್ತೆ ಎಂದು ಅವ್ವ ಒಮ್ಮೆ ಕೇಳಿದ್ದಕ್ಕೆ ಅಪ್ಪ, "ಮಷೀನ್ಗೆ ದಿನಾ ಒಂದೊಂದು ತೊಟ್ಟು ಎಣ್ಣೆ ಬುಡ್ಬೇಕು ಕಣಮ್ಮಿ. ಕೆಟ್ಟೋದ್ಮೇಲೆ ಡಬ್ಬ ಸುರುದ್ರೆ ಏನ್ ಬಂತು?" ಎಂದಿದ್ದರು. ಅಪ್ಪನ ವೇದಾಂತವೆಲ್ಲ ಎಣ್ಣೆ, ಬೋಲ್ಟು, ವಾಷರುಗಳಲ್ಲೇ ಇತ್ತು.

ಈ ಜಪದಿಂದ ಅವ್ವನಿಗೊಂದು ಲೌಕಿಕ ಲಾಭವೂ ಇತ್ತು. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಜಪ ಶುರುವಾಗುವ ಮುಂಚೆ ಅವಳು ಒಲೆಯ ಮೇಲೆ ಮುದ್ದೆಗೆ ಎಸರಿಡುತ್ತಿದ್ದಳು. ಜಪಸರದ ಎರಡನೆಯ ಹತ್ತು ಮಣಿ ಮುಗಿಯುವಾಗ ನೀರು ಸದ್ದು ಮಾಡುತ್ತಿತ್ತು, ನಾಲ್ಕನೆಯ ಹತ್ತಕ್ಕೆ ಕುದಿ. ಆಗ ಅವ್ವ ಬಾಯಲ್ಲಿ ಜಪ ನಿಲ್ಲಿಸದೆ, ಮಂಡಿಯಲ್ಲೇ ಸರಿದುಕೊಂಡು ಹೋಗಿ, ಹಿಟ್ಟು ಸುರಿದು ಬರುತ್ತಿದ್ದಳು. ಆಮೆನ್ ಆಗುವ ಹೊತ್ತಿಗೆ ಹಿಟ್ಟು ಹದವಾಗಿ ಬೆಂದಿರುತ್ತಿತ್ತು. ನಾನು ಜಪ ಮಾಡುತ್ತಾ ಮಾಡುತ್ತಾ ಮೂಗಿನಿಂದ ಮುದ್ದೆಯ ಯೋಗಕ್ಷೇಮ ವಿಚಾರಿಸುತ್ತಿದ್ದೆ. ಇವತ್ತಿಗೂ ರಾಗಿ ಬೇಯುವ ವಾಸನೆ ಬಂದರೆ ನನ್ನ ಕೈ ತಾನಾಗಿ ಶಿಲುಬೆಯ ಗುರುತು ಹಾಕಲು ಹೊರಡುತ್ತದೆ. ಐದು ವರ್ಷದ ತಮ್ಮ ಇನ್ನಾಸಿಗೆ ಅಷ್ಟೂ ತಾಳ್ಮೆ ಇರಲಿಲ್ಲ. ಮೊದಲನೆಯ ಹತ್ತರಲ್ಲೇ ಅಪ್ಪನ ಬೆನ್ನಿಗೆ ಒರಗಿ ನಿದ್ದೆ ಹೋಗುತ್ತಿದ್ದ. ಅಪ್ಪ ಅವನನ್ನು ಎಬ್ಬಿಸುತ್ತಿರಲಿಲ್ಲ. ಬೆನ್ನು ಮಾತ್ರ ಅಲುಗಾಡಿಸದೆ ಹಾಗೇ ಇಟ್ಟುಕೊಂಡಿರುತ್ತಿದ್ದರು.

ಎಲ್ಲ ಜಪಗಳೂ ಮುಗಿದು, ಆಮೆನ್ ಎನ್ನುವ ಮೊದಲು, ಅಪ್ಪನ ಪಟ್ಟಿ ಬರುತ್ತಿತ್ತು. ಅಪ್ಪ ಒಂದೊಂದೇ ಸಂಗತಿ ಹೇಳುವುದು, ನಾವು "ಕಾಪಾಡು ಸ್ವಾಮಿ" ಎನ್ನುವುದು. ನಾಲ್ಕನೇ ನಂಬರ್ ಮಷೀನಿನ ಬೇರಿಂಗು ಬಿಸಿಯಾಗದಿರಲಿ. ಕಾಪಾಡು ಸ್ವಾಮಿ. ಟ್ರಾಲಿಯ ಹಗ್ಗ ಹರಿಯದಿರಲಿ. ಕಾಪಾಡು ಸ್ವಾಮಿ. ಪೈಪಿನೊಳಗೆ ಇಳಿಯುವ ಕರೀಂ ಸಾಬರಿಗಾಗಿ. ನಾಲೆಯ ತೂಬು ಕಾಯುವ ಚಲುವೇಗೌಡರಿಗಾಗಿ. ಮೇಲಿನ ಬಂಗಲೆಯ ಇಂಜಿನಿಯರ್ ದೊರೆಗಾಗಿ, ಅವರ ಕೋಪಕ್ಕಾಗಿ. ಕೋಲಾರದ ಗಣಿಯೊಳಗೆ ನಮ್ಮ ಕರೆಂಟು ನಂಬಿಕೊಂಡು ಇಳಿದಿರುವ ಎಲ್ಲರಿಗಾಗಿ. ಈ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿತ್ತು. ಒಮ್ಮೆ ಸೇರಿದ ಹೆಸರು ಹೊರಗೆ ಹೋದದ್ದಿಲ್ಲ. ಸುದ್ದಿ ಲೈನಿನಲ್ಲೆಲ್ಲ ಹರಡಿ, ಜನ ಅರ್ಜಿ ಹಾಕಿಕೊಳ್ಳುವುದಕ್ಕೂ ಶುರು ಮಾಡಿದರು. ಚಲುವೇಗೌಡರು ಒಂದು ದಿನ ಬೇಲಿಯಾಚೆ ನಿಂತು, "ಚೌರಪ್ಪ, ನನ್ನೆಸ್ರು ಆಚ್ಗಿದ್ರೂ ಪರ್ವಾಗಿಲ್ಲ, ಎಮ್ಮೆ ಈಯೋಗಂಟ ಅದರ್ದೊಂದು ಯೋಳ್ಬುಡ್ಲಾ" ಎಂದು ಕೇಳಿಕೊಂಡರು. ಎಮ್ಮೆ ಸುಖವಾಗಿ ಈದಿತು. ಆದರೂ ಪಟ್ಟಿಯಲ್ಲಿ ಉಳಿಯಿತು.

ನನಗೆ ಒಂಬತ್ತು ವರ್ಷವಾದಾಗ ಮೊದಲ ಪರಮಪ್ರಸಾದದ ಸರದಿ ಬಂತು. ಮಕ್ಕಳಿಗೆ ಬುದ್ಧಿ ಬಂದ ಮೇಲೆ ಪೂಜೆಯಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ದಿನ ಅದು. ನಮ್ಮಲ್ಲಿ ಅದೊಂದು ಸಣ್ಣ ಮದುವೆಯಷ್ಟೇ ಸಂಭ್ರಮ. ಯುದ್ಧದ ಕಾಲದಲ್ಲಿ ಬಿಳಿ ಬಟ್ಟೆ ಸಿಗದೆ, ಅವ್ವ ತನ್ನ ಮದುವೆಯ ಬಿಳಿ ಸೀರೆಯನ್ನೇ ಕತ್ತರಿಸಿ ನನಗೆ ಲಂಗ ಹೊಲಿದಿದ್ದಳು. ಕತ್ತರಿ ಹಾಕುವಾಗ ಅವಳು ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದ್ದೆ. ಮಂಡ್ಯ, ಮದ್ದೂರಿನಿಂದ ನೆಂಟರು ಭಾನುವಾರಕ್ಕೆ ಬರುವವರಿದ್ದರು. ಅಷ್ಟರಲ್ಲಿ ಹಳೆಯ ಸ್ವಾಮಿಗಳಿಗೆ ವರ್ಗವಾಗಿ, ಮಂಗಳೂರಿನ ಕಡೆಯ ಒಬ್ಬ ಎಳೆ ಪ್ರಾಯದ ಸ್ವಾಮಿಗಳು ಬಂದರು. ಪುಸ್ತಕದಲ್ಲಿ ಬರೆದಂತೆಯೇ ಮಾತಾಡುತ್ತಿದ್ದರು. ಗುರುವಾರವೇ ಬಂದಿಳಿದು, ಶೆಡ್ಡಿನ ಮುಂದಿನ ಹೊಂಗೆಮರದ ಕೆಳಗೆ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ, ಜಪ ಒಪ್ಪಿಸಿ ಎಂದರು.

ಉಳಿದ ಮಕ್ಕಳು ತಡವರಿಸಿದರು. ನನಗೇನು ಭಯ? ದಿನಾ ಹೇಳುವ ಜಪ. ಕಣ್ಣು ಮುಚ್ಚಿ, ಕೈ ಜೋಡಿಸಿ, ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಾ ಹೋದೆ. ಸ್ವಾಮಿಗಳು ತಲೆದೂಗುತ್ತಿದ್ದುದು ರೆಪ್ಪೆಯ ಸಂದಿಯಲ್ಲಿ ಕಾಣುತ್ತಿತ್ತು. ಕೊನೆಗೆ ಬಂದೆ. "ನಾಲ್ಕನೇ ನಂಬರ್ ಮಷೀನಿನ ಬೇರಿಂಗು ಬಿಸಿಯಾಗದಿರಲಿ" ಎಂದೆ. ಅವರ ತಲೆ ನಿಂತಿತು. ನನ್ನ ಜ್ಞಾಪಕಶಕ್ತಿಗೆ ಬೆರಗಾಗಿದ್ದಾರೆ ಎಂದುಕೊಂಡು ಇನ್ನೂ ಜೋರಾಗಿ ಟ್ರಾಲಿಯ ಹಗ್ಗ ಹೇಳಿದೆ, ಕರೀಂ ಸಾಬರನ್ನು ಹೇಳಿದೆ, ಎಮ್ಮೆಯನ್ನೂ ಹೇಳಿದೆ. ಆ ಕಡೆಯಿಂದ ಉತ್ತರವೇ ಇಲ್ಲ. ಹೊಸಬರು, ತಮ್ಮ ಪಾಲಿನದು ಮರೆತಿರಬೇಕು ಎಂದು ನನಗೆ ಕನಿಕರ ಬಂತು. ಮೆಲ್ಲಗೆ, "ಸ್ವಾಮಿ, ನೀವು ಕಾಪಾಡು ಸ್ವಾಮಿ ಅನ್ಬೇಕು" ಎಂದು ಹೇಳಿಕೊಟ್ಟೆ.

ಪವರ್ ಹೌಸಿಗೆ ಹೇಳಿ ಕಳಿಸಿ ಅಪ್ಪನನ್ನು ಕರೆಸಿದರು. ಅಪ್ಪ ಖಾಕಿ ಚಡ್ಡಿಯಲ್ಲೇ, ಎಣ್ಣೆಗೈಯನ್ನು ಹಿಂದೆ ಕಟ್ಟಿಕೊಂಡು ಬಂದು ನಿಂತರು. ಸ್ವಾಮಿಗಳು ಗದರಲಿಲ್ಲ. ಧರ್ಮಸಭೆಯ ಜಪದ ನಡುವೆ ಮಷೀನು, ಎಮ್ಮೆಗಳನ್ನು ಸೇರಿಸಿದವರು ಯಾರು ಎಂದು ಕೇಳಿದರು. ಅಪ್ಪ ತಾವೇ ಎಂದು ಒಪ್ಪಿಕೊಂಡರು. ಸೇರಿಸಲೇಬೇಕಿದ್ದರೆ ಆಮೆನ್ ಆದ ಮೇಲೆ ಸೇರಿಸಬಹುದಿತ್ತಲ್ಲ ಎಂದರು ಸ್ವಾಮಿಗಳು.

"ಅದೆಂಗಾದದು ಸಾಮಿ?" ಎಂದರು ಅಪ್ಪ. "ಆಮೆನ್ ಅನ್ನೋದು ಲಕೋಟೆ ಅಂಟಿಸ್ದಂಗೆ. ಅಂಟಿಸ್ಬುಟ್ಮೇಲೆ ಒಳಕ್ಕೆ ಏನ್ ಸೇರ್ಸಕ್ಕಾಯ್ತದೆ?"

ಸ್ವಾಮಿಗಳಿಗೆ ನಗು ಬಂದಿರಬೇಕು, ಆದರೆ ನಗಲಿಲ್ಲ. ಸಭೆಯದು ಯಾವುದು, ಮನೆಯದು ಯಾವುದು ಎಂದು ಮಗುವಿಗೆ ಗೊತ್ತಿರಬೇಕು ಎಂದರು. ಶನಿವಾರ ಸಂಜೆಯೊಳಗೆ ನಾನು ಜಪವನ್ನು ಬೆರಕೆಯಿಲ್ಲದೆ ಒಪ್ಪಿಸಿದರೆ ಭಾನುವಾರ ಪ್ರಸಾದ, ಇಲ್ಲದಿದ್ದರೆ ಮುಂದಿನ ವರ್ಷ. ನನಗೆ ಮೊದಲು ನೆನಪಾದದ್ದು ಅವ್ವ ಕತ್ತರಿಸಿದ ಸೀರೆ. ಅಪ್ಪ ನನ್ನನ್ನು ಕರೆದುಕೊಂಡು ಮನೆಗೆ ಹೊರಟರು. ಬಾಗಿಲ ಹತ್ತಿರ ಬಂದು, "ನಾನ್ ಕಲ್ಸಿದ್ದೇ ತಪ್ಪಾಗೋಯ್ತು ಕಣವ್ವ" ಎಂದರು. ಅಪ್ಪನ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿರಲಿಲ್ಲ. ಯಾವ ಬೋಲ್ಟು ಎಷ್ಟು ಬಿಗಿಯಬೇಕೆಂದು ಸದ್ದಿನಲ್ಲೇ ಹೇಳುವ ಮನುಷ್ಯನಿಗೆ, ತನ್ನ ಮಕ್ಕಳಿಗೆ ದೇವರನ್ನು ಕಲಿಸುವುದು ತನಗೆ ಬರುವುದಿಲ್ಲವೇನೋ ಎಂಬ ಅನುಮಾನ ಬಂದಿತ್ತು.

ಆವತ್ತಿನಿಂದ ಪಟ್ಟಿ ಬಂದ್. ಹೇಳುವುದು ಸುಲಭ. ಕಲಿತದ್ದನ್ನು ಮರೆಯುವುದು ಎಂಥ ಕಷ್ಟವೆಂದು ನನಗೆ ಆಗ ಗೊತ್ತಾಯಿತು. ಕೊನೆಯ ಜಪ ಮುಗಿಯುತ್ತಿದ್ದಂತೆ ನನ್ನ ನಾಲಗೆ ತಾನಾಗಿ "ನಾಲ್ಕನೇ" ಎನ್ನುತ್ತಿತ್ತು. ಅಪ್ಪ ನನ್ನನ್ನು ತಿದ್ದಲೆಂದು ಮುಂದಾಗಿ ತಾವೇ "ನಾಲ್ಕನೇ" ಎಂದು ನಾಲಗೆ ಕಚ್ಚಿಕೊಳ್ಳುತ್ತಿದ್ದರು. ಅವ್ವ ಇಬ್ಬರನ್ನೂ ನೋಡಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಆದರೆ ಅವಳ ನಗುವೂ ಉಳಿಯಲಿಲ್ಲ. ಪಟ್ಟಿಯಿಲ್ಲದೆ ಜಪ ಬೇಗ ಮುಗಿದು, ಮುದ್ದೆ ಹಸಿ ಹಸಿಯಾಗಿ ಗಂಟು ಕಟ್ಟಿತು. ಗುರುವಾರವೂ ಶುಕ್ರವಾರವೂ ನಾವು ಗಂಟುಮುದ್ದೆಯನ್ನೇ ನುಂಗಿದೆವು. ಇನ್ನಾಸಿ ಮಾತ್ರ ಒಳಗಿನ ಹಿಟ್ಟು ತೋರಿಸಿ, ಸ್ವಾಮಿಗಳು ಯಾವಾಗ ಊರಿಗೆ ಹೋಗುತ್ತಾರೆ ಎಂದು ಕೇಳಿದ.

ನನಗೆ ಇವೆಲ್ಲಕ್ಕಿಂತ ದೊಡ್ಡ ಹೆದರಿಕೆ ಬೇರೆಯೇ ಇತ್ತು. ಶನಿವಾರ ನೀರು ನಿಲ್ಲಿಸಿ ಪೈಪಿನೊಳಗೆ ತುಕ್ಕು ಕೆರೆಯುವ ಕೆಲಸ. ಇಳಿಯುವವರಲ್ಲಿ ಪಕ್ಕದ ಮನೆಯ ಕರೀಂ ಸಾಬರೂ ಇದ್ದರು. ಅವರು ನಮಗೆ ಕರೀಂ ಮಾಮ. ನನಗೆ ಮಾತು ಬಂದಾಗಿನಿಂದ ಒಂದು ದಿನವೂ ತಪ್ಪದೆ ಹೇಳಿದ ಹೆಸರು ಈಗ ಎರಡು ದಿನದಿಂದ ತಪ್ಪಿತ್ತು, ಅದೂ ಪೈಪಿನೊಳಗೆ ಇಳಿಯುವ ವಾರದಲ್ಲೇ. ನನಗೆ ಪ್ರಸಾದ ಸಿಗಬೇಕೆಂದು ಅವರನ್ನು ದೇವರ ಕಣ್ಣಿನಿಂದ ಮರೆ ಮಾಡಿದಂತಾಯಿತಲ್ಲ ಎಂದು ಹೆದರಿದೆ. ಬೆಳಿಗ್ಗೆ ಎದ್ದವಳೇ ಓಡಿ ಹೋದೆ. ಅವರು ನಲ್ಲಿಯ ಹತ್ತಿರ ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಅಳುತ್ತಾ ನಡೆದದ್ದೆಲ್ಲ ಒದರಿ, ಇವತ್ತೂ ನಿಮ್ಮ ಹೆಸರು ಹೇಳುವುದಕ್ಕಾಗುವುದಿಲ್ಲ, ಹುಷಾರಾಗಿರಿ ಎಂದೆ.

ಕರೀಂ ಮಾಮ ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗದೆ ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಬಟ್ಟೆಯ ಗಂಟು ಬಿಗಿ ಮಾಡಿಕೊಳ್ಳುತ್ತಾ, "ಅದಕ್ಯಾಕೆ ಅಳ್ತೀಯ ಬೇಟಿ?" ಎಂದರು. "ನೀವ್ ನಿಲ್ಸಿರೋಗಂಟ ನಾನೇ ನಿಮ್ಮಪ್ಪನ ಹೆಸ್ರು ಯೋಳ್ತೀನಿ. ನಿಮ್ದು ದಿನಕ್ಕೆ ಒಂದ್ಸಲ, ನಮ್ದು ಐದ್ಸಲ. ನಿಂಗೇ ಲಾಭ ಕಣವ್ವ, ಓಗು." ನಾನು ಸ್ವಲ್ಪ ಸಮಾಧಾನವಾಗಿ ಮನೆಗೆ ಬಂದೆ. ಪೂರಾ ಸಮಾಧಾನವಾಯಿತು ಎಂದರೆ ಸುಳ್ಳಾದೀತು.

ಸಂಜೆ ಹೊಂಗೆಮರದ ಕೆಳಗೆ ಮತ್ತೆ ನಿಂತೆ. ಈ ಸಲ ನೀರು ಕುಡಿದಷ್ಟು ಸಲೀಸಾಗಲಿಲ್ಲ. ಒಂದೊಂದು ಮಾತನ್ನೂ ಹಿಡಿದು ಹಿಡಿದು ಇಟ್ಟೆ. ಕೊನೆಗೆ ಬಂದು ನಿಂತೆ. ಎಷ್ಟೋ ಹೊತ್ತಾದ ಮೇಲೆ "ಆಮೆನ್" ಎಂದೆ.

ಸ್ವಾಮಿಗಳು, "ಚೆನ್ನಾಗಿ ಹೇಳಿದೆ. ಆದರೆ ಆಮೆನ್‌ಗೆ ಮುಂಚೆ ಅಷ್ಟು ಹೊತ್ತು ಯಾಕೆ ನಿಂತೆ?" ಎಂದು ಕೇಳಿದರು.

ಮರೆತುಹೋಗಿತ್ತು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಮಾರನೆಯ ದಿನ ಪ್ರಸಾದ ಸ್ವೀಕರಿಸುವ ನಾಲಗೆಯಲ್ಲಿ ಸುಳ್ಳು ಹೇಗೆ ಹೇಳಲಿ? ಸೀರೆ ಹೋದರೆ ಹೋಗಲಿ ಎಂದು, "ಒಳಗೊಳಗೇ ಪಟ್ಟಿ ಯೋಳ್ಕೊಂಡೆ ಸ್ವಾಮಿ" ಎಂದೆ. "ಇವತ್ತು ಕರೀಂ ಮಾಮ ಪೈಪೊಳಗವ್ರೆ."

ಅಷ್ಟು ಹೇಳಿ ಜೋರಾಗಿ ಅಳುವುದಕ್ಕೆ ಶುರು ಮಾಡಿದೆ. ಅದೇ ಹೊತ್ತಿಗೆ ಅಪ್ಪ ಟ್ರಾಲಿ ಇಳಿದು ನೇರವಾಗಿ ಅಲ್ಲಿಗೇ ಬಂದರು. ತಲೆಯಿಂದ ಕಾಲಿನ ತನಕ ಕೆಂಪು ತುಕ್ಕು, ಕಣ್ಣು ಎರಡು ಮಾತ್ರ ಕಾಣುತ್ತಿದ್ದವು. ಹಿಂದೆಯೇ ಕರೀಂ ಮಾಮ, ಅದೇ ಬಣ್ಣದಲ್ಲಿ. ಅವರನ್ನು ಕಂಡು ನನ್ನ ಅಳು ನಿಂತಿತು. ಅಪ್ಪ ನನ್ನ ಮುಖ ನೋಡಿಯೇ ಎಲ್ಲ ಕೆಟ್ಟಿತು ಎಂದುಕೊಂಡು, ತಪ್ಪೆಲ್ಲ ತಮ್ಮದು, ಮಗುವಿಗೆ ಶಿಕ್ಷೆ ಬೇಡ ಎಂದು ಸ್ವಾಮಿಗಳಿಗೆ ಕೈ ಮುಗಿದರು.

ಸ್ವಾಮಿಗಳು ಎದ್ದು ನಿಂತರು. ನಾನು ಪಾಸಾಗಿದ್ದೇನೆ ಎಂದು ಮೊದಲು ಹೇಳಿದರು. ಆಮೇಲೆ, "ಚೌರಪ್ಪನವರೇ, ಮಗುವಿಗೆ ಜಪ ಮಾತ್ರವಲ್ಲ, ಪ್ರಾರ್ಥಿಸುವುದನ್ನೂ ಕಲಿಸಿದ್ದೀರಿ" ಎಂದರು. "ಆ ಪಟ್ಟಿಯನ್ನು ಬಿಡಬೇಡಿ. ಆದರೆ ಆಮೆನ್ ಆದ ಮೇಲೆ ಹೇಳಿ."

ಅಪ್ಪ ಲಕೋಟೆಯ ವಿಚಾರ ಮತ್ತೆ ಎತ್ತಲು ಬಾಯಿ ತೆರೆದರು.

"ಆಮೆನ್ ಅಂದ ಕೂಡಲೇ ದೇವರು ಎದ್ದು ಹೋಗುತ್ತಾರೆಂದು ನಿಮಗೆ ಯಾರು ಹೇಳಿದರು?" ಎಂದರು ಸ್ವಾಮಿಗಳು. "ಅವರು ಕೂತೇ ಇರುತ್ತಾರೆ. ಎದ್ದು ಹೋಗುವವರು ನಾವು."

ಭಾನುವಾರ ನಾನು ಅವ್ವನ ಮದುವೆ ಸೀರೆಯ ಲಂಗ ಉಟ್ಟು, ಮಲ್ಲಿಗೆಯ ಕಿರೀಟ ಇಟ್ಟುಕೊಂಡು, ತಗಡಿನ ಶೆಡ್ಡಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸಿದೆ. ಆ ಗಳಿಗೆಯ ಬಗ್ಗೆ ಏನಾದರೂ ಗಂಭೀರವಾದದ್ದು ಹೇಳಬೇಕೆಂದು ನನಗೂ ಆಸೆ. ನೆನಪಿರುವುದು ಇಷ್ಟೇ: ಬಹಳ ಸಂತೋಷವಾಗಿತ್ತು, ಕಿರೀಟ ಒಂದು ಕಣ್ಣಿನ ಮೇಲೆ ಜಾರಿತ್ತು. ಹೊರಗೆ ಚಲುವೇಗೌಡರು ಎಮ್ಮೆಯ ಗಿಣ್ಣಿನ ತಪ್ಪಲೆ ಹಿಡಿದು ನಿಂತಿದ್ದರು. ಮದ್ದೂರಿನ ಚಿಕ್ಕಪ್ಪ ಬುಟ್ಟಿ ತುಂಬ ವಡೆ ತಂದಿದ್ದರು. ಕರೀಂ ಮಾಮನ ಹೆಂಡತಿ ನನ್ನ ಕೈಗೆ ಹಸಿರು ಬಳೆ ತೊಡಿಸಿದರು. ಸ್ವಾಮಿಗಳು ಆರು ವಡೆ ತಿಂದದ್ದನ್ನು ಇನ್ನಾಸಿ ಎಲ್ಲರ ಮುಂದೆ ಎಣಿಸಿ ಹೇಳಿದ. ಅವರು ನಾಚಿಕೊಂಡು ಏಳನೆಯದನ್ನೂ ತೆಗೆದುಕೊಂಡರು.

ನೆಂಟರೆಲ್ಲ ಮಳವಳ್ಳಿಯಲ್ಲಿ ಬಸ್ಸು ಹಿಡಿಯಲು ಮಧ್ಯಾಹ್ನವೇ ಹೊರಟುಹೋದರು. ಸಂಜೆ ನಾವು ನಾಲ್ವರೇ ಚಾಪೆಯ ಮೇಲೆ ಮಂಡಿಯೂರಿದೆವು. ಅವ್ವ ಎಸರಿಟ್ಟಿದ್ದಳು. ಅಪ್ಪ ಜಪ ಮುಗಿಸಿ ಆಮೆನ್ ಎಂದರು, ನಾವೂ ಎಂದೆವು. ಯಾರೂ ಏಳಲಿಲ್ಲ. ಅಪ್ಪ ಒಂದು ಸಲ ಗಂಟಲು ಸರಿ ಮಾಡಿಕೊಂಡು, ಅಂಟಿಸಿದ ಲಕೋಟೆಯನ್ನು ಹೆದರಿ ಹೆದರಿ ಬಿಡಿಸುವವರ ಹಾಗೆ, "ನಾಲ್ಕನೇ ನಂಬರ್" ಎಂದು ಶುರು ಮಾಡಿದರು. ಬೇರಿಂಗು, ಹಗ್ಗ, ಕರೀಂ ಸಾಬರು, ಚಲುವೇಗೌಡರು, ದೊರೆ, ಕೋಲಾರದ ಗಣಿ, ಎಮ್ಮೆ, ಈಗ ಅದರ ಕರುವೂ. ಕೊನೆಗೆ ಹೊಸ ಸ್ವಾಮಿಗಳ ಸೈಕಲ್ಲು. ನಾನು ಪ್ರತಿಯೊಂದಕ್ಕೂ ಕಾಪಾಡು ಸ್ವಾಮಿ ಎನ್ನುತ್ತಾ, ಬಿಟ್ಟುಹೋದವರು ಯಾರಾದರೂ ಇದ್ದಾರೆಯೇ ಎಂದು ಬೆರಳು ಮಡಿಸುತ್ತಿದ್ದೆ. ಆಗ ಹೊಳೆಯಿತು. ಶನಿವಾರ ಪೈಪಿನೊಳಗಿಂದ ತುಕ್ಕು ಮೆತ್ತಿಕೊಂಡು ನನ್ನ ಮುಂದೆ ಬಂದು ನಿಂತವರು ಇಬ್ಬರು. ನಾನು ಹೇಳಿದ್ದು ಒಬ್ಬರ ಹೆಸರು. ಇನ್ನೊಬ್ಬರ ಹೆಸರು ನಮ್ಮ ಪಟ್ಟಿಯಲ್ಲಿ ಯಾವತ್ತೂ ಇರಲಿಲ್ಲ. ಪಕ್ಕದ ಮನೆಯಲ್ಲಿ ದಿನಕ್ಕೆ ಐದು ಸಲ ಹೇಳುತ್ತಿದ್ದ ಹೆಸರನ್ನು ನಾವು ಒಂದು ಸಲವೂ ಹೇಳಿರಲಿಲ್ಲ.

ಅಪ್ಪ ಏಳಲು ಕೈ ಊರಿದ್ದರು. ನಾನು, "ನಮ್ಮಪ್ಪ ಚೌರಪ್ಪನಿಗಾಗಿ" ಎಂದೆ.

"ಕಾಪಾಡು ಸ್ವಾಮಿ" ಎಂದಳು ಅವ್ವ. ಆವತ್ತಿನವರೆಗೆ ಅವಳು ಅಷ್ಟು ಗಟ್ಟಿಯಾಗಿ ಹೇಳಿದ್ದೇ ಇಲ್ಲ. ಅಪ್ಪನ ಬೆನ್ನಿಗೆ ಒರಗಿದ್ದ ಇನ್ನಾಸಿಯೂ ನಿದ್ದೆಯಲ್ಲೇ ಹೇಳಿದ.

ಅಪ್ಪ ಊರಿದ ಕೈಯನ್ನು ತೆಗೆದು ಮತ್ತೆ ಮಂಡಿಯೂರಿ, ತುಕ್ಕು ಹತ್ತಿದ ಹೆಬ್ಬೆರಳಿನಿಂದ ಜಪಸರದ ಒಂದೇ ಮಣಿಯನ್ನು ಉಜ್ಜುತ್ತಾ ಕೂತರು. ಅವರ ಕಣ್ಣಲ್ಲಿ ನೀರಿತ್ತು. ಒಲೆಯ ಮೇಲೆ ಮುದ್ದೆ ಸೀಯುವ ವಾಸನೆ ಬಂತು, ಆದರೂ ಅವ್ವ ಅಲುಗಾಡಲಿಲ್ಲ. ಆಮೇಲೆ ಅಪ್ಪ ಜಪಸರವನ್ನು ನನ್ನ ಕೈಗಿಟ್ಟರು.

"ನಾಳಿಂದ ಪಟ್ಟಿ ನೀನೇ ಯೋಳು ಮಗ" ಎಂದರು. "ನನ್ನೆಸ್ರ ನಾನೇ ಯೋಳ್ಕೊಳಕ್ಕಾಗಲ್ಲ ಕಣವ್ವ."